ಎಲೆ ಚಪ್ಪಟೆಯಾಗುವ ಬಗೆ

ಲಂಡನ್ನಿಗೆ ಹತ್ತಿರ, ಥೇಮ್ಸ್ ನದಿಯ ದಂಡೆಯ ಟೆಡಿಂಗ್ಟನ್ನಿನಲ್ಲಿ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಯಿದ್ದ. ಚರ್ಚಿನ ಕೆಲಸ ಮುಗಿದರೆ ಆತನಿಗೆ ಗಿಡಗಳದ್ದೇ ಗೀಳು. ಬೇರು ಎಷ್ಟು ನೀರು ಹೀರುತ್ತದೆ, ಎಲೆ ಎಷ್ಟು ನೀರನ್ನು ಗಾಳಿಗೆ ಬಿಡುತ್ತದೆ ಎಂದು ತಕ್ಕಡಿ ಹಿಡಿದು ಅಳೆದವನು ಆತ. ಒಮ್ಮೆ ತೆಳುವಾದ ಹಲಗೆಗೆ ಕಾಲು ಇಂಚಿಗೊಂದರಂತೆ ಗುಂಡುಸೂಜಿಗಳನ್ನು ಚೌಕವಾಗಿ ಕೂರಿಸಿ, ಅವುಗಳ ಮೊನೆಯನ್ನು ಎಣ್ಣೆಯಲ್ಲಿ ಕಲಸಿದ ಕೆಂಪು ಬಣ್ಣಕ್ಕೆ ಅದ್ದಿ, ಅಂಜೂರದ ಎಳೆ ಎಲೆಯ ಮೇಲೆ ಒತ್ತಿದ. ಎಲೆಯ ಮೇಲೆ ಸಾಲುಸಾಲು ಕೆಂಪು ಚುಕ್ಕಿ ಮೂಡಿದವು. ಆಮೇಲೆ ಮಾಡಬೇಕಾದದ್ದು ಕಾಯುವುದಷ್ಟೇ. ಎಲೆ ಪೂರ್ತಿ ಬಲಿತಾಗ ಚುಕ್ಕಿಯಿಂದ ಚುಕ್ಕಿಗೆ ಸುಮಾರು ಮುಕ್ಕಾಲು ಇಂಚು ಅಂತರ ಬಿದ್ದಿತ್ತು. 1727ರಲ್ಲಿ ಅಚ್ಚಾದ ಆತನ ‘ವೆಜಿಟೆಬಲ್ ಸ್ಟ್ಯಾಟಿಕ್ಸ್’ ಪುಸ್ತಕದಲ್ಲಿ ಎಳೆಯ ಎಲೆ, ಬಲಿತ ಎಲೆ ಎರಡರ ಚಿತ್ರವೂ ಇದೆ.

ಅಂಚಿಗೆ ಹೊಸ ಪಟ್ಟಿ ಸೇರಿಸಿಕೊಳ್ಳುತ್ತ ಎಲೆ ದೊಡ್ಡದಾಗುವುದಾಗಿದ್ದರೆ ನಡುವಿನ ಚುಕ್ಕಿಗಳು ಇದ್ದಷ್ಟೇ ಹತ್ತಿರ ಉಳಿಯಬೇಕಿತ್ತು. ಬುಡದಿಂದ ಮಾತ್ರ ಬೆಳೆಯುವುದಾಗಿದ್ದರೆ ಚುಕ್ಕಿಗಳ ಚೌಕ ಹಾಗೆಯೇ ಮುಂದಕ್ಕೆ ಸರಿಯಬೇಕಿತ್ತು. ಎರಡೂ ಆಗಲಿಲ್ಲ. ಅಂಜೂರದ ಎಲೆ ಮೈತುಂಬ ಬೆಳೆದಿತ್ತು. ಇನ್ನೂರು ವರ್ಷ ಕಳೆದ ಮೇಲೆ, 1933ರಲ್ಲಿ, ಅಮೆರಿಕದ ಜಾರ್ಜ್ ಏವರಿ ಹೊಗೆಸೊಪ್ಪಿನ ಎಳೆ ಎಲೆಯ ಮೇಲೆ ಶಾಯಿಯಿಂದ ಚೌಕಳಿ ಹಾಕಿ ಇದೇ ಕೆಲಸವನ್ನು ಇನ್ನಷ್ಟು ಕರಾರುವಾಕ್ಕಾಗಿ ಮಾಡಿದರು. ಅವರ ಚೌಕಗಳು ಒಂದೇ ಸಮನೆ ಹಿಗ್ಗಲಿಲ್ಲ. ತುದಿಯವು ಬೇಗ ಸುಮ್ಮನಾದವು; ಬುಡದವು ಬಹಳ ಕಾಲ ಹಿಗ್ಗುತ್ತಲೇ ಇದ್ದವು.

ಈ ಏರುಪೇರನ್ನು ಹಗುರವಾಗಿ ನೋಡುವಂತಿಲ್ಲ. ಎಲ್ಲ ಭಾಗವೂ ಎಲ್ಲ ದಿಕ್ಕಿಗೂ ಸಮನಾಗಿ ಬೆಳೆದರೆ ಎಲೆಯಾಗಿ ಮೂಡುವ ಚಿಕ್ಕ ಗುಬುಟು ದೊಡ್ಡ ಗುಬುಟಾದೀತು, ಅಷ್ಟೇ. ಅರಳಿಯ ಬಾಲ, ವೀಳ್ಯದೆಲೆಯ ಹೃದಯ, ಪಪಾಯಿಯ ಹಸ್ತ ಯಾವುದೂ ಹುಟ್ಟುವುದಿಲ್ಲ. ಯಾವ ಜಾಗ ಎಷ್ಟು, ಯಾವ ಕಡೆಗೆ, ಎಲ್ಲಿಯವರೆಗೆ ಬೆಳೆಯಿತು ಎಂಬ ವ್ಯತ್ಯಾಸವೇ ಬಲಿತ ಎಲೆಯಲ್ಲಿ ನಮಗೆ ಆಕಾರವಾಗಿ ಕಾಣುತ್ತದೆ. ಹಾಗಾದರೆ ಆ ವ್ಯತ್ಯಾಸವನ್ನು ಕಾಯುವವರು ಯಾರು?

ಎಲೆ ಶುರುವಾಗುವುದು ಕುಡಿಯ ತುದಿಯಲ್ಲಿ, ಬರಿಗಣ್ಣಿಗೆ ಕಾಣದ ಒಂದು ಗುಬುಟಾಗಿ. ಆಕ್ಸಿನ್ ಎಂಬ ಹಾರ್ಮೋನ್ ಕುಡಿಯ ಸುತ್ತ ಎಲ್ಲಿ ಒಟ್ಟುಗೂಡುತ್ತದೋ ಅಲ್ಲಿ ಗುಬುಟು ಏಳುತ್ತದೆ. ಸ್ವಿಟ್ಸರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿ ಡೀಡಿಯೇ ರೈನ್‌ಹಾರ್ಟ್ ಮತ್ತು ಸಂಗಡಿಗರು ಟೊಮೆಟೊ ಕುಡಿಯಲ್ಲಿ ಆಕ್ಸಿನ್ ಓಡಾಟವನ್ನು ಮದ್ದು ಹಾಕಿ ತಡೆದರು. ಕುಡಿ ಎಲೆಯಿಲ್ಲದ ಬೋಳು ಕಡ್ಡಿಯಾಯಿತು. ಅದರ ಪಕ್ಕಕ್ಕೆ ಒಂದು ತೊಟ್ಟು ಆಕ್ಸಿನ್ ಇಟ್ಟಾಗ ಇಟ್ಟಲ್ಲೇ ಎಲೆ ಮೂಡಿತು. ಇದು 2000ದ ಮಾತು. ಅದಕ್ಕೂ ಅರ್ಧ ಶತಮಾನ ಮೊದಲು ಇಯಾನ್ ಸಸೆಕ್ಸ್ ಆಲೂಗಡ್ಡೆ ಗಿಡದ ಕುಡಿಯಲ್ಲಿ, ಆಗಷ್ಟೇ ಎದ್ದ ಗುಬುಟಿಗೂ ಕುಡಿಯ ನೆತ್ತಿಗೂ ನಡುವೆ ಸಣ್ಣ ಚಾಕುವಿನಿಂದ ಗೀರಿದ್ದರು. ಬೇರ್ಪಟ್ಟ ಗುಬುಟು ಬೆಳೆಯಿತು, ಆದರೆ ದುಂಡಗಿನ ಕಡ್ಡಿಯಾಗಿ. ಅದಕ್ಕೆ ಮೇಲ್ಮೈ, ಕೆಳಮೈ ಎಂಬ ಭೇದವೇ ಬರಲಿಲ್ಲ. ಭೇದವಿಲ್ಲದ್ದರಿಂದ ಹಾಳೆಯೂ ಹರಡಲಿಲ್ಲ. ಮೇಲ್ಮೈಯ ಕೋಶಗಳೂ ಕೆಳಮೈಯ ಕೋಶಗಳೂ ಸಂಧಿಸುವ ಗೆರೆಯಲ್ಲೇ ಎಲೆ ಪಕ್ಕಕ್ಕೆ ಚಾಚುತ್ತದೆ ಎಂಬುದು ಈಗ ಗೊತ್ತಿದೆ.

ಹೀಗೆ ಚಾಚಲು ಹೊರಟ ಹಾಳೆಗೆ ಒಂದು ಕಟ್ಟುಪಾಡಿದೆ. ಪ್ರಾಣಿಯ ಭ್ರೂಣದಲ್ಲಿ ಜೀವಕೋಶಗಳು ಒಂದೆಡೆಯಿಂದ ಇನ್ನೊಂದೆಡೆಗೆ ಹರಿದಾಡುತ್ತವೆ, ಜಾಗ ಬದಲಿಸುತ್ತವೆ. ಸಸ್ಯದ ಕೋಶಕ್ಕೆ ಆ ಸ್ವಾತಂತ್ರ್ಯ ಇಲ್ಲ. ಅಕ್ಕಪಕ್ಕದ ಕೋಶಗಳ ಭಿತ್ತಿಗಳು ಪೆಕ್ಟಿನ್ ಅಂಟಿನಿಂದ ಬೆಸೆದುಕೊಂಡಿರುತ್ತವೆ. ಹುಟ್ಟುವಾಗ ಪಕ್ಕದಲ್ಲಿದ್ದ ನೆರೆಯವರೇ ಕೊನೆಯವರೆಗೂ ನೆರೆಯವರು. ಆದ್ದರಿಂದ ಎಲೆಯ ಕೋಶದ ಕೈಯಲ್ಲಿರುವುದು ಎರಡೇ ಕೆಲಸ: ಒಡೆದು ಎರಡಾಗುವುದು, ಉಬ್ಬಿ ದೊಡ್ಡದಾಗುವುದು.

ಈ ಎರಡನ್ನೂ ನಾವು ಮಾತಿನಲ್ಲಿ ಒಟ್ಟಾಗಿ ‘ಬೆಳವಣಿಗೆ’ ಅಂದುಬಿಡುತ್ತೇವೆ. ಶಾಲೆಯ ಪಾಠದಲ್ಲಂತೂ ಕೋಶ ವಿಭಜನೆಯಿಂದ ಜೀವಿ ಬೆಳೆಯುತ್ತದೆ ಎಂಬ ಒಂದೇ ವಾಕ್ಯದಲ್ಲಿ ವಿಷಯ ಮುಗಿದುಹೋಗುತ್ತದೆ. ಆದರೆ ಮನೆಯ ದೊಡ್ಡ ಕೋಣೆಗೆ ನಡುಗೋಡೆ ಎಬ್ಬಿಸಿದರೆ ಕೋಣೆ ಎರಡಾಗುತ್ತವೆ, ನಿವೇಶನ ಒಂದಡಿಯೂ ಹೆಚ್ಚುವುದಿಲ್ಲ. ಕೋಶ ವಿಭಜನೆಯೂ ಇಷ್ಟೇ. ಎಲೆಯ ವಿಸ್ತೀರ್ಣ ಹೆಚ್ಚಬೇಕಾದರೆ ಕೋಶ ಉಬ್ಬಲೇಬೇಕು. ವಿಭಜನೆ ಮಾಡುವುದು ಮುಂದೆ ಉಬ್ಬಬಲ್ಲ ಕೋಶಗಳ ಸಂಖ್ಯೆಯನ್ನು ಹೆಚ್ಚಿಸುವ ಕೆಲಸ.

ಉಬ್ಬಿಸುವ ಶಕ್ತಿ ನೀರಿನದು. ಕೋಶದೊಳಗಿನ ಒತ್ತಡ ವಾಯುಮಂಡಲದ ಒತ್ತಡದ ಹಲವು ಪಟ್ಟು ಇರುತ್ತದೆ, ಮತ್ತು ಅದು ಎಲ್ಲ ದಿಕ್ಕಿಗೂ ಸಮನಾಗಿ ತಳ್ಳುತ್ತದೆ. ದಿಕ್ಕು ಕೊಡುವುದು ಭಿತ್ತಿ. ಅದರಲ್ಲಿ ಸೆಲ್ಯುಲೋಸ್ ಎಳೆಗಳು ಸುತ್ತಿಕೊಂಡಿರುತ್ತವೆ. ಎಳೆಗಳು ಅಡ್ಡಕ್ಕೆ ಸುತ್ತಿದ್ದರೆ ಕೋಶ ಉದ್ದಕ್ಕೆ ಮಾತ್ರ ಚಾಚಬಲ್ಲದು. ಎಳೆಗಳನ್ನು ಸಾಲಾಗಿ ಹಾಕಿಸುವ ಯಾವುದೋ ಸೂಕ್ಷ್ಮ ರಚನೆ ಕೋಶದೊಳಗೆ ಇರಲೇಬೇಕೆಂದು ಪಾಲ್ ಗ್ರೀನ್ 1962ರಲ್ಲಿ ಊಹಿಸಿದ್ದರು. ನೀರಿನಲ್ಲಿ ಬೆಳೆಯುವ ನೈಟೆಲ್ಲ ಎಂಬ ಪಾಚಿಯ ಉದ್ದನೆಯ ಕೋಶಕ್ಕೆ ಕಾಲ್ಚಿಸಿನ್ ಎಂಬ ಮದ್ದು ಹಾಕಿದರೆ ಅದು ದಿಕ್ಕು ಮರೆತು ಚೆಂಡಿನಂತೆ ಊದಿಕೊಳ್ಳುತ್ತಿತ್ತು. ಮರುವರ್ಷವೇ ಲೆಡ್‌ಬೆಟರ್ ಮತ್ತು ಪೋರ್ಟರ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ರಚನೆಗಳನ್ನು ಕಂಡರು. ಅವನ್ನೇ ಇಂದು ಮೈಕ್ರೋಟ್ಯೂಬ್ಯೂಲ್ ಎನ್ನುತ್ತೇವೆ. ಒಂದೊಂದು ಕೋಶಕ್ಕೆ ಹೀಗೆ ದಿಕ್ಕು ಸಿಗುತ್ತದೆ ಎನ್ನುವುದು ಸರಿ. ಆದರೆ ಇಡೀ ಎಲೆಗೆ ಲಕ್ಷಾಂತರ ಕೋಶಗಳು. ಅವುಗಳ ನಡುವೆ ಹೊಂದಾಣಿಕೆ ಬೇಕು. ಅದನ್ನು ಅರಿಯಲು ಹೊಂದಾಣಿಕೆ ತಪ್ಪಿದ ಎಲೆಯೊಂದು ಸಿಗಬೇಕಿತ್ತು.

ಸಿಕ್ಕಿದ್ದು ಸ್ನ್ಯಾಪ್‌ಡ್ರ್ಯಾಗನ್ ಗಿಡದಲ್ಲಿ. ಚಳಿಗಾಲದಲ್ಲಿ ನಮ್ಮ ಹೂಕುಂಡಗಳಲ್ಲೂ ಬರುವ, ಹಿಸುಕಿದರೆ ಬಾಯಿ ತೆರೆಯುವ ಹೂವಿನ ಗಿಡ ಅದು. ಇಂಗ್ಲೆಂಡಿನ ನಾರಿಚ್‌ನಲ್ಲಿರುವ ಜಾನ್ ಇನ್ನೆಸ್ ಸೆಂಟರ್‌ನಲ್ಲಿ ಎನ್ರಿಕೊ ಕೋಯೆನ್ ಅವರ ತಂಡದ ಬಳಿ ‘ಸಿನ್‌ಸಿನಾಟ’ ಎಂಬ ರೂಪಾಂತರಿ ತಳಿಯಿತ್ತು. ಮಾಮೂಲಿ ಸ್ನ್ಯಾಪ್‌ಡ್ರ್ಯಾಗನ್ ಎಲೆಯನ್ನು ಪುಸ್ತಕದ ಹಾಳೆಗಳ ನಡುವೆ ಇಟ್ಟರೆ ಮಡಿಕೆ ಬೀಳದೆ ಮಲಗುತ್ತದೆ. ಸಿನ್‌ಸಿನಾಟದ ಎಲೆ ಹಾಗೆ ಮಲಗದು. ಅಂಚು ಒಮ್ಮೆ ಮೇಲಕ್ಕೆ ಏಳುತ್ತದೆ, ಮುಂದೆ ಕೆಳಕ್ಕೆ ಇಳಿಯುತ್ತದೆ, ಮತ್ತೆ ಏಳುತ್ತದೆ. ಒತ್ತಿ ಹಿಡಿದರೆ ಮಡಿಕೆ ಬೀಳುತ್ತದೆ ಇಲ್ಲವೇ ಹರಿಯುತ್ತದೆ. ಕಾರಣವೆಂದರೆ ಒಂದೇ ಒಂದು ಜೀನ್ ಕೆಟ್ಟಿರುವುದು.

ಆ ತಂಡದಲ್ಲಿದ್ದ ಉತ್ಪಲ್ ನಾಥ್ (ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರು) ಮತ್ತು ಸಂಗಡಿಗರು ಬಲಿತ ಎಲೆಯನ್ನು ಬಿಟ್ಟು ಎಳೆಯ ಎಲೆಗಳನ್ನು ನೋಡಿದರು. ಒಡೆಯುತ್ತಿರುವ ಕೋಶಗಳಲ್ಲಿ ಮಾತ್ರ ಚುರುಕಾಗಿರುವ ಜೀನ್‌ಗಳನ್ನು ಬಣ್ಣದಿಂದ ಗುರುತಿಸಿದರೆ ಎಲೆಯ ಯಾವ ಭಾಗದಲ್ಲಿ ವಿಭಜನೆ ನಡೆದಿದೆ, ಎಲ್ಲಿ ನಿಂತಿದೆ ಎಂಬ ನಕಾಶೆ ಸಿಗುತ್ತದೆ. ಮಾಮೂಲಿ ಎಲೆಯಲ್ಲಿ ವಿಭಜನೆ ಮೊದಲು ನಿಲ್ಲುವುದು ತುದಿಯಲ್ಲಿ. ಅಲ್ಲಿಂದ ನಿಲುಗಡೆಯ ಗೆರೆಯೊಂದು ನಿಧಾನವಾಗಿ ಬುಡದ ಕಡೆಗೆ ಇಳಿಯುತ್ತದೆ. ಗೆರೆ ದಾಟಿಹೋದ ಕಡೆ ಕೋಶಗಳು ಒಡೆಯುವುದನ್ನು ಬಿಟ್ಟು ಉಬ್ಬುವುದಕ್ಕೆ ತೊಡಗುತ್ತವೆ. ಏವರಿಯವರ ಶಾಯಿಯ ಚೌಕಗಳು ಹೊರಗಿನಿಂದ ಹೇಳಿದ್ದ ಸುದ್ದಿ ಇಲ್ಲಿ ಕೋಶಗಳ ಮಟ್ಟದಲ್ಲಿ ಕಂಡಿತು.

ಸಿನ್‌ಸಿನಾಟದಲ್ಲಿ ಗೆರೆ ತಡವಾಗಿ ಇಳಿಯುತ್ತಿತ್ತು. ಅಷ್ಟೇ ಆಗಿದ್ದರೆ ಎಲೆ ದೊಡ್ಡದಾಗುತ್ತಿತ್ತೇನೋ, ಮುದುಡುತ್ತಿರಲಿಲ್ಲ. ಮುಖ್ಯವಾಗಿ ಬದಲಾದದ್ದು ಗೆರೆಯ ಬಾಗು. ಮಾಮೂಲಿ ಎಲೆಯಲ್ಲಿ ಅದು ಬುಡದತ್ತ ಕೊಂಚವೇ ಬಾಗಿ ಹೆಚ್ಚುಕಡಿಮೆ ಅಂಚಿನಿಂದ ಅಂಚಿಗೆ ಒಟ್ಟಿಗೆ ಸಾಗುತ್ತದೆ. ರೂಪಾಂತರಿಯಲ್ಲಿ ನಡುಭಾಗ ನಿಂತಿದ್ದರೂ ಅಂಚುಗಳು ಕೇಳಲಿಲ್ಲ, ಅವು ಒಡೆಯುತ್ತಲೇ ಇದ್ದವು. ಕೆಟ್ಟಿದ್ದ ಜೀನ್‌ನ ಕೆಲಸ ‘ಇನ್ನು ಸಾಕು’ ಎಂಬ ಸೂಚನೆಯನ್ನು ಕೋಶಗಳಿಗೆ, ಅದರಲ್ಲೂ ಅಂಚಿನ ಕೋಶಗಳಿಗೆ, ಮುಟ್ಟಿಸುವುದು. 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಪ್ರಬಂಧ ನನ್ನ ಮಟ್ಟಿಗೆ ಸಸ್ಯವಿಜ್ಞಾನದ ಅತಿ ಸೊಗಸಾದ ಬರಹಗಳಲ್ಲಿ ಒಂದು. ಚಪ್ಪಟೆಯಾಗಿರುವುದು ಎಲೆಯ ಹುಟ್ಟುಗುಣ ಎಂದುಕೊಂಡಿದ್ದವರಿಗೆ, ಅದು ಎಲೆ ಪ್ರತಿ ಕ್ಷಣ ದುಡಿದು ಸಂಪಾದಿಸುವ ಗುಣ ಎಂದು ಅದು ತೋರಿಸಿತು.

ಅಂಚು ಹೆಚ್ಚು ಬೆಳೆದರೆ ನೆರಿಗೆ ಏಕೆ ಬೀಳಬೇಕು? ಇದು ಜೀವಶಾಸ್ತ್ರದ ಪ್ರಶ್ನೆಯೇ ಅಲ್ಲ, ರೇಖಾಗಣಿತದ್ದು. ದುಂಡನೆಯ ಎಲೆಯೊಂದರ ನಡುವಿನಿಂದ ಅಂಚಿಗೆ 10 ಸೆಂಟಿಮೀಟರ್ ಇದ್ದರೆ, ಚಪ್ಪಟೆಯಾಗಿರುವವರೆಗೆ ಅದರ ಸುತ್ತಳತೆ 62.8 ಸೆಂಟಿಮೀಟರ್ ಇರಲೇಬೇಕು. ಅಂಚು 55ಕ್ಕೇ ನಿಂತರೆ ಎಲೆ ಬಟ್ಟಲಾಗುತ್ತದೆ. 70ಕ್ಕೆ ಬೆಳೆದರೆ ಆ ಹೆಚ್ಚಿನ ಉದ್ದಕ್ಕೆ ಸಮತಲದಲ್ಲಿ ಜಾಗವೇ ಇಲ್ಲ, ಅದು ಮೇಲೆ ಕೆಳಗೆ ಅಲೆಯಾಗಿ ಏಳಬೇಕು. ಮೇಲ್ಮೈಯ ಒಳಗಿನ ಅಳತೆಗಳೇ ಅದರ ಬಾಗನ್ನು ನಿರ್ಧರಿಸುತ್ತವೆ ಎಂದು ಗೌಸ್ 1827ರಲ್ಲೇ ಸಾಧಿಸಿದ್ದ. ಆಗ ಆತ ಎಲೆಗಳ ಬಗ್ಗೆ ಯೋಚಿಸಿರಲಾರ.

ಎಲೆಗಳ ಬಗ್ಗೆ ಯೋಚಿಸಿದ ಭೌತವಿಜ್ಞಾನಿಗಳು ಎರಾನ್ ಶರೋನ್, ಮೈಕೆಲ್ ಮಾರ್ಡರ್ ಮತ್ತು ಹ್ಯಾರಿ ಸ್ವಿನ್ನಿ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಅವರು ಶುರುಮಾಡಿದ್ದು ಕಸದ ಪ್ಲಾಸ್ಟಿಕ್ ಚೀಲದಿಂದ. ತೆಳು ಪ್ಲಾಸ್ಟಿಕ್ಕನ್ನು ಎಳೆದು ಹರಿದರೆ ಹರಿದ ಅಂಚು ಹಿಂದಿರುಗಲಾರದಷ್ಟು ಹಿಗ್ಗಿರುತ್ತದೆ. ಅಲ್ಲಿ ಅಲೆ, ಅಲೆಯ ಮೇಲೆ ಸಣ್ಣ ಅಲೆ, ಅದರ ಮೇಲೆ ಇನ್ನೂ ಸಣ್ಣದು ಎದ್ದಿರುತ್ತವೆ. ಲೆಟಿಸ್ ಸೊಪ್ಪಿನ ಅಂಚಿನಲ್ಲಿ ಕಾಣುವುದೂ ಇಂಥದೇ ಅಲೆ. ಪ್ಲಾಸ್ಟಿಕ್ಕಿಗೆ ಜೀನ್ ಇಲ್ಲ. ಒಂದೊಂದು ನೆರಿಗೆಗೂ ಒಂದೊಂದು ಆಜ್ಞೆ ಬೇಕಿಲ್ಲ, ಅಂಚು ಹೆಚ್ಚು ಹಿಗ್ಗಿದರೆ ಸಾಕು, ಉಳಿದದ್ದನ್ನು ಭೌತಶಾಸ್ತ್ರವೇ ನೋಡಿಕೊಳ್ಳುತ್ತದೆ. ಇದನ್ನು ಜೀವಂತ ಎಲೆಯಲ್ಲೂ ಪರೀಕ್ಷಿಸಲು ಅವರು ಆಯ್ದದ್ದು ಬದನೆ ಗಿಡವನ್ನು. ಚಪ್ಪಟೆಯಾಗಿ ಬೆಳೆಯುವ ಬದನೆ ಎಲೆಯ ಅಂಚಿಗೆ ಆಕ್ಸಿನ್ ಸವರಿದರು. ಅಂಚು ಅಲೆಯಲೆಯಾಗಿ ಎದ್ದಿತು.

ಸಿನ್‌ಸಿನಾಟ ಜೀನ್‌ನ ಬಂಧುಗಳು ಬೇರೆ ಗಿಡಗಳಲ್ಲೂ ಇವೆ. ಪ್ರಯೋಗಾಲಯದ ಸಾಕುಗಿಡವಾದ ಅರಾಬಿಡಾಪ್ಸಿಸ್‌ನಲ್ಲಿ (ಇದು ಸಾಸಿವೆಯ ನೆಂಟ, ಕಳೆಯಂಥ ಪುಟ್ಟ ಸಸ್ಯ) ಇಂಥ ಐದು ಜೀನ್‌ಗಳನ್ನು ಒಂದು ಕಿರು ಆರ್‌ಎನ್‌ಎ ಹದ್ದುಬಸ್ತಿನಲ್ಲಿಡುತ್ತದೆ. ಆ ಕಿರು ಆರ್‌ಎನ್‌ಎ ಮಿತಿಮೀರಿದರೆ ಐದೂ ಕುಗ್ಗಿ ಎಲೆ ಸುಕ್ಕಾಗುತ್ತದೆ ಎಂದು 2003ರಲ್ಲೇ ಡೆಟ್ಲೆಫ್ ವೈಗೆಲ್ ಅವರ ತಂಡ ತೋರಿಸಿತು. ಟೊಮೆಟೊದ ‘ಲ್ಯಾನ್ಸಿಯೊಲೇಟ್’ ತಳಿಯದು ಇದರ ತಿರುವುಮುರುವು. ಅಲ್ಲಿನ ಬಂಧು ಜೀನ್ ಕಿರು ಆರ್‌ಎನ್‌ಎಯ ಹಿಡಿತದಿಂದ ತಪ್ಪಿಸಿಕೊಂಡಿದೆ, ‘ಸಾಕು’ ಎಂಬ ಸೂಚನೆ ಬೇಗನೆ ಬರುತ್ತದೆ, ಕವಲು ಕವಲಾಗಬೇಕಿದ್ದ ಟೊಮೆಟೊ ಎಲೆ ಚಿಕ್ಕ ಒಂಟಿ ಎಲೆಯಾಗಿ ಮುಗಿದುಬಿಡುತ್ತದೆ. ಇಸ್ರೇಲಿನ ನವೋಮಿ ಓರಿ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಬಿಡಿಸಿದರು.

ಇಲ್ಲಿಗೆ ಕಥೆ ಸಲೀಸಾಗಿ ಕಾಣುತ್ತದೆ: ವಿಭಜನೆ ಎಲ್ಲಿ ಯಾವಾಗ ನಿಲ್ಲುತ್ತದೋ ಅದರಂತೆ ಎಲೆ. ಆದರೆ ಸಸ್ಯವಿಜ್ಞಾನದಲ್ಲಿ ಇದಕ್ಕೆ ಅಡ್ಡ ಬರುವ ಒಂದು ಹಳೆಯ ತಕರಾರಿದೆ. ಕೋಶಗಳು ಸೇರಿ ಸಸ್ಯವನ್ನು ಕಟ್ಟುವುದಿಲ್ಲ, ಸಸ್ಯವೇ ತನ್ನನ್ನು ಕೋಶಗಳಾಗಿ ಹಂಚಿಕೊಳ್ಳುತ್ತದೆ ಎಂಬುದು ಹತ್ತೊಂಬತ್ತನೇ ಶತಮಾನದ ಜರ್ಮನ್ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿಯ ನಿಲುವು. ಕೇಳಲು ಬರೀ ತತ್ತ್ವದಂತಿದೆ. ಆದರೆ ಅದರ ಪರವಾಗಿ ಗಟ್ಟಿ ಸಾಕ್ಷಿಗಳಿವೆ.

1960ರ ದಶಕದ ಶುರುವಿನಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿ ಅಲನ್ ಹೇಬರ್ ಗೋಧಿ ಬೀಜಗಳ ಮೇಲೆ ಭಾರಿ ಪ್ರಮಾಣದ ಗಾಮಾ ಕಿರಣ ಹಾಯಿಸಿದರು. ಬೀಜದೊಳಗಿನ ಒಂದು ಕೋಶವೂ ಮುಂದೆ ಒಡೆಯದಂತಾಯಿತು. ನೀರು ಹಾಕಿದರೆ ಬೀಜ ಮೊಳೆಯಿತು! ಮೊದಲ ಎಲೆ ಕೋಶ ವಿಭಜನೆಯೇ ಇಲ್ಲದೆ, ಇದ್ದ ಕೋಶಗಳನ್ನೇ ಉಬ್ಬಿಸಿಕೊಂಡು, ಗಾತ್ರದಲ್ಲಿ ಚಿಕ್ಕದಾದರೂ ಗೋಧಿ ಎಲೆಯ ಹಾಗೆ ಉದ್ದುದ್ದ ಬೆಳೆಯಿತು. ಇನ್ನೊಂದು ಸಾಕ್ಷಿ ಮುಸುಕಿನ ಜೋಳದ್ದು. ಅದರ ಎಲೆಯಲ್ಲಿ ಕೋಶಗಳು ನೂಲು ಹಿಡಿದಂತೆ ಸಾಲಾಗಿರುತ್ತವೆ. ‘ಟ್ಯಾಂಗಲ್ಡ್’ ಎಂಬ ರೂಪಾಂತರಿಯಲ್ಲಿ ಕೋಶಗಳು ಅಡ್ಡಾದಿಡ್ಡಿ ಕೋನದಲ್ಲಿ ಒಡೆದು ಸಾಲೆಲ್ಲ ಕೆಟ್ಟಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊಂದಲ. ಎಲೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಆಕಾರದಲ್ಲಿ ಹೇಳಿಕೊಳ್ಳುವಂಥ ಐಬಿಲ್ಲ. ಲಾರಿ ಸ್ಮಿತ್ ಮತ್ತು ಸಂಗಡಿಗರು 1996ರಲ್ಲಿ ಇದನ್ನು ವರದಿ ಮಾಡಿದರು.

ಮೂರನೆಯದು ಎಲ್ಲಕ್ಕಿಂತ ವಿಚಿತ್ರ. ಅರಾಬಿಡಾಪ್ಸಿಸ್ ಎಲೆಯಲ್ಲಿ ವಿಭಜನೆಯನ್ನು ಕುಗ್ಗಿಸಿದರೆ ಕೋಶಗಳ ಸಂಖ್ಯೆ ಇಳಿಯುತ್ತದೆ. ಎಲೆ ಅದೇ ಪ್ರಮಾಣದಲ್ಲಿ ಚಿಕ್ಕದಾಗಬೇಕಲ್ಲ? ಆಗುವುದಿಲ್ಲ. ಉಳಿದ ಕೋಶಗಳು ಮಾಮೂಲಿಗಿಂತ ದೊಡ್ಡದಾಗಿ ಉಬ್ಬಿ ಕೊರತೆಯ ಒಂದು ಪಾಲನ್ನು ತುಂಬುತ್ತವೆ. ಟೋಕಿಯೊ ವಿಶ್ವವಿದ್ಯಾಲಯದ ಹಿರೊಕಾಜು ತ್ಸುಕಾಯ ಇದರ ಬೆನ್ನುಹತ್ತಿ ವರ್ಷಗಟ್ಟಲೆ ದುಡಿದಿದ್ದಾರೆ. ಎಷ್ಟು ನೆರೆಯವರಿದ್ದಾರೆ ಎಂಬ ಲೆಕ್ಕ ಕೋಶಕ್ಕೆ ಹೇಗೋ ತಲುಪುತ್ತಿದೆ.

ಹಾಗಿದ್ದರೆ ಯಾರು ಯಜಮಾನರು, ಕೋಶವೋ ಎಲೆಯೋ? ಎರಡೂ ಪಕ್ಷಗಳ ವಾದ ಓದಿದರೆ ಪ್ರಶ್ನೆಯನ್ನೇ ತಪ್ಪಾಗಿ ಕೇಳಿದಂತಿದೆ ಎಂದು ನನಗೆ ಅನಿಸುತ್ತದೆ. ಕೋಶಗಳ ಸಂಖ್ಯೆ, ಗೋಡೆಗಳ ಕೋನ ಇವುಗಳಲ್ಲಿ ಎಲೆ ಸಾಕಷ್ಟು ಸಡಿಲ ಬಿಡುತ್ತದೆ. ಸಡಿಲ ಬಿಡದಿರುವುದು ಒಂದೊಂದು ಜಾಗ ಎಷ್ಟು ಹಿಗ್ಗಬೇಕು ಎಂಬಲ್ಲಿ. ಸಿನ್‌ಸಿನಾಟ ಕೆಟ್ಟಾಗ ಹಾಳಾದದ್ದು ಅದೇ ಹಂಚಿಕೆ. ಅಂಚಿನ ಹೆಚ್ಚುವರಿಯನ್ನು ಸರಿದೂಗಿಸಲು ಎಲೆಯ ಬಳಿ ಉಪಾಯವಿರಲಿಲ್ಲ. ಕೊರತೆಯನ್ನು ಒಂದಿಷ್ಟು ತುಂಬಿಕೊಳ್ಳಬಲ್ಲ ಎಲೆಗೆ ಅತಿಯನ್ನು ತಡೆದುಕೊಳ್ಳುವುದು ಕಷ್ಟ.

ಅಂಚಿನ ಗರಗಸದ ಹಲ್ಲು, ಹುಣಸೆ ಕರಿಬೇವುಗಳ ಕಿರುಎಲೆ ಇವೂ ಇದೇ ಹಂಚಿಕೆಯ ಫಲ. ಅಂಚಿನಲ್ಲಿ ಆಕ್ಸಿನ್ ಗುಂಪುಗೂಡಿದ ಕಡೆ ಹಲ್ಲು ಮುಂದೆ ಬರುತ್ತದೆ, ಹಲ್ಲುಗಳ ನಡುವಿನ ಸಂದಿನಲ್ಲಿ ಬೆಳವಣಿಗೆ ತಗ್ಗುತ್ತದೆ. ಅರಾಬಿಡಾಪ್ಸಿಸ್‌ನ ಹತ್ತಿರದ ನೆಂಟ ಕಾರ್ಡಮೈನ್ ಹಿರ್ಸುಟದ ಎಲೆ ಕಿರುಎಲೆಗಳಾಗಿ ಬಿಡಿಬಿಡಿಯಾಗಿರುತ್ತದೆ. ಅದರಲ್ಲಿರುವ ಆರ್‌ಸಿಒ ಎಂಬ ಜೀನ್ ಕಿರುಎಲೆಗಳ ನಡುವಿನ ಜಾಗ ಬೆಳೆಯದಂತೆ ಹಿಡಿದಿಡುತ್ತದೆ. ಅರಾಬಿಡಾಪ್ಸಿಸ್ ತನ್ನ ವಿಕಾಸದ ಹಾದಿಯಲ್ಲಿ ಈ ಜೀನನ್ನು ಕಳೆದುಕೊಂಡಿದೆ. ಮಿಲ್ಟೋಸ್ ಸಿಯಾಂಟಿಸ್ ಅವರ ತಂಡ 2014ರಲ್ಲಿ ಅದನ್ನು ಮರಳಿ ಸೇರಿಸಿದಾಗ ಅರಾಬಿಡಾಪ್ಸಿಸ್‌ನ ನೇರ ಅಂಚು ಆಳವಾಗಿ ಸೀಳಿಕೊಂಡಿತು. ಒಂದೆಡೆ ತಡೆ ಹಾಕಿದ್ದರಿಂದ ಇನ್ನೊಂದೆಡೆ ಆಕಾರ ಎದ್ದಿತು.

ನಿಲುಗಡೆಯ ಗೆರೆ ತುದಿಯಿಂದ ಬುಡಕ್ಕೆ ಇಳಿಯುತ್ತದೆ ಎಂಬ ಮಾತನ್ನು ಬಹುಕಾಲ ಎಲ್ಲ ಎಲೆಗಳಿಗೂ ಸಲ್ಲುವ ನಿಯಮದಂತೆ ಬರೆಯಲಾಗುತ್ತಿತ್ತು. ಹುಲ್ಲಿನ ಜಾತಿಯ ರಾಗಿ, ಜೋಳಗಳ ಎಲೆಗಳು ಬುಡದಿಂದ ಬೆಳೆಯುವುದು ನಿಜವೇ. ದನ ಮೇಯ್ದ ಹುಲ್ಲು ಮತ್ತೆ ಉದ್ದವಾಗುವುದೂ ಅದರಿಂದಲೇ. ಅರಾಬಿಡಾಪ್ಸಿಸ್, ಸ್ನ್ಯಾಪ್‌ಡ್ರ್ಯಾಗನ್, ಹೊಗೆಸೊಪ್ಪು ಮೂರೂ ಇದೇ ದಿಕ್ಕನ್ನು ತೋರಿಸಿದ್ದವು. ಆದರೆ ಮೂರು ಗಿಡಗಳಿಂದ ಸಸ್ಯಲೋಕವನ್ನು ಅಳೆಯಲು ಬರುತ್ತದೆಯೇ? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈನಾಕ್ ದಾಸ್ ಗುಪ್ತ ಮತ್ತು ಉತ್ಪಲ್ ನಾಥ್ ದ್ವಿದಳ ಗುಂಪಿನ 75 ಜಾತಿಗಳ ಎಲೆಗಳನ್ನು ಹೋಲಿಸಿ ನೋಡಿದರು. ಹಲವು ಎಲೆಗಳು ಪುಸ್ತಕದಲ್ಲಿ ಇದ್ದಂತೆ ಬುಡದ ಕಡೆ ಹೆಚ್ಚು ಬೆಳೆದವು. ಕೆಲವು ಇದಕ್ಕೆ ತಿರುಗಾಮುರುಗ, ತುದಿಯ ಕಡೆ ಹೆಚ್ಚು. ಇನ್ನು ಕೆಲವಕ್ಕೆ ದಿಕ್ಕಿನ ಭೇದವೇ ಇಲ್ಲ, ಮೈಯೆಲ್ಲ ಸಮ. ಬೆಳವಣಿಗೆಯನ್ನು ತಗ್ಗಿಸುವ ಮತ್ತೊಂದು ಕಿರು ಆರ್‌ಎನ್‌ಎ ಯಾವ ಎಲೆಯಲ್ಲಿ ಯಾವ ತುದಿಗೆ ಹೆಚ್ಚಿತ್ತೋ ಆ ತುದಿಯಲ್ಲಿ ಬೆಳವಣಿಗೆ ಕಡಿಮೆಯಿತ್ತು. 2015ರಲ್ಲಿ ಇದು ಪ್ರಕಟವಾದಾಗ ‘ನಿಯಮ’ವೊಂದು ‘ಹಲವು ದಾರಿಗಳಲ್ಲಿ ಒಂದು’ ಎಂಬ ಜಾಗಕ್ಕೆ ಇಳಿಯಿತು. ಇದಕ್ಕೆ ದುಬಾರಿ ಯಂತ್ರಕ್ಕಿಂತ ಹೆಚ್ಚಾಗಿ, ನಾನಾ ಜಾತಿಯ ಎಳೆ ಎಲೆಗಳನ್ನು ಕೂತು ಅಳೆಯುವ ತಾಳ್ಮೆ ಬೇಕಿತ್ತು. ಹಲಗೆಗೆ ಸೂಜಿ ಚುಚ್ಚಿದ ಪಾದ್ರಿಯ ಕಾಲದ ವಿಜ್ಞಾನ ಇನ್ನೂ ಸವೆದಿಲ್ಲ.

ಅದೇ ಪ್ರಯೋಗಾಲಯದಿಂದ 2021ರಲ್ಲಿ ಕೃಷ್ಣ ರೆಡ್ಡಿ ಚಲ್ಲಾ ಮತ್ತು ಸಂಗಡಿಗರ ಕೆಲಸ ‘ನೇಚರ್ ಪ್ಲಾಂಟ್ಸ್’ ಪತ್ರಿಕೆಯಲ್ಲಿ ಬಂತು. ಅರಾಬಿಡಾಪ್ಸಿಸ್‌ನದು ಒಂಟಿ ಎಲೆ, ಕಿರುಎಲೆಗಳಿಲ್ಲ. ಸಿನ್‌ಸಿನಾಟದ ಬಂಧು ಜೀನ್‌ಗಳನ್ನು ಮಾತ್ರ ಕುಗ್ಗಿಸಿದರೆ ಎಲೆ ಸುಕ್ಕಾಗುತ್ತದೆ, ಅದು ಗೊತ್ತಿದ್ದದ್ದೇ. ಎಲೆಯನ್ನು ಬಲಿಯುವತ್ತ ದೂಡುವ ಇನ್ನೊಂದು ಗುಂಪಿನ ಜೀನ್‌ಗಳಿವೆ. ಅವರು ಎರಡೂ ಗುಂಪುಗಳನ್ನು ಒಟ್ಟಿಗೆ ಕುಗ್ಗಿಸಿದರು. ಒಂಟಿ ಎಲೆಯ ಅಂಚಿನಲ್ಲಿ ಕಿರುಎಲೆಗಳು ಎದ್ದವು. ಆ ಕಿರುಎಲೆಗಳ ಅಂಚಿನಲ್ಲಿ ಮತ್ತೆ ಕಿರುಎಲೆಗಳು, ಅವುಗಳ ಮೇಲೂ ಮತ್ತೆ. ಕಿರುಎಲೆ ಹುಟ್ಟಿಸುವ ಸಾಮರ್ಥ್ಯವನ್ನು ಹೊಸದಾಗಿ ಯಾರೂ ತುಂಬಿರಲಿಲ್ಲ. ಅದು ಒಳಗೇ ಇದ್ದು ಅದುಮಿಟ್ಟ ಸ್ಥಿತಿಯಲ್ಲಿತ್ತು. ನಮ್ಮ ನುಗ್ಗೆ ಮರದ ಎಲೆಯೂ ಎರಡು ಮೂರು ಸುತ್ತು ಕವಲೊಡೆದು ನಿಲ್ಲುತ್ತದೆ. ಈ ಅರಾಬಿಡಾಪ್ಸಿಸ್ ಗಿಡದ ಎಲೆಗಳು ನಿಲ್ಲದೆ ಹೊಸ ಕಿರುಎಲೆಗಳನ್ನು ಹುಟ್ಟಿಸುತ್ತಲೇ ಹೋದವು.